ಕಾಲರಾ ವಿಷದ ಒಡೆಯ ಯಾರು?

ವಾಂತಿಭೇದಿ ಎಂಬ ಹೆಸರು ಕೇಳಿದರೆ ಹಿಂದೆ ಹಳ್ಳಿಗೆ ಹಳ್ಳಿಯೇ ನಡುಗುತ್ತಿತ್ತು. ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವರು ಮೈಯ ನೀರೆಲ್ಲ ಬಸಿದುಹೋಗಿ ರಾತ್ರಿಯೊಳಗೆ ಸಾಯುವುದಿತ್ತು. ಅಲ್ಪವಿರಾಮದಂತೆ ಬಾಗಿದ ಒಂದು ಬ್ಯಾಕ್ಟೀರಿಯಾ ಇದಕ್ಕೆ ಕಾರಣವೆಂದು ಜರ್ಮನಿಯ ರಾಬರ್ಟ್ ಕಾಕ್ 1884ರಲ್ಲಿ ಕಲ್ಕತ್ತೆಯಿಂದ ಸಾರಿದರು. ಅದು ವಿಷವನ್ನು ಸ್ರವಿಸುತ್ತಿರಬೇಕೆಂದೂ ಊಹಿಸಿದರು. ಆ ಊಹೆಗೆ ಪುರಾವೆ ಸಿಗಲು 75 ವರ್ಷ ಹಿಡಿಯಿತು.

1959ರಲ್ಲಿ ಕಲ್ಕತ್ತೆಯ ವೈದ್ಯವಿಜ್ಞಾನಿ ಶಂಭುನಾಥ ಡೇ, ಕಾಲರಾ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಸೋಸಿ, ಒಂದೂ ರೋಗಾಣು ಉಳಿಯದಂತೆ ಮಾಡಿ ಮೊಲದ ಕರುಳಿಗೆ ಸೇರಿಸಿದರು. ಆದರೂ ಕರುಳಿನಲ್ಲಿ ನೀರು ತುಂಬಿಕೊಂಡಿತು. ಕೊಲ್ಲುವುದು ವಿಷವೇ ಎಂದು ಸಿದ್ಧವಾಯಿತು. ಆದರೆ ಇನ್ನೊಂದು ಒಗಟು ಉಳಿಯಿತು. ಕಡಲು, ಅಳಿವೆಗಳ ನೀರಿನಲ್ಲಿರುವ ಇದೇ ಜಾತಿಯ ಬಹುಪಾಲು ಬ್ಯಾಕ್ಟೀರಿಯಾಗಳು ಈ ವಿಷವನ್ನು ತಯಾರಿಸುವುದಿಲ್ಲ. ಕೆಲವಕ್ಕೆ ಮಾತ್ರ ಈ ವಿದ್ಯೆ ಬಂದದ್ದೆಲ್ಲಿಂದ?

ಉತ್ತರದ ಸುಳಿವು ಅಷ್ಟರಲ್ಲೇ ಅಮೆರಿಕದಲ್ಲಿ ಸಿಕ್ಕಿತ್ತು. ಬ್ಯಾಕ್ಟೀರಿಯಾಗಳಿಗೇ ಸೋಂಕು ತಗುಲಿಸುವ ವೈರಸ್ಸುಗಳಿವೆ. ಇವುಗಳಿಗೆ ‘ಫೇಜ್’ ಎಂದು ಹೆಸರು. ಗಂಟಲುಮಾರಿಯ ನಿರುಪದ್ರವಿ ಬ್ಯಾಕ್ಟೀರಿಯಾಕ್ಕೆ ಫೇಜ್ ಸೋಂಕಿದಾಗ ಅದು ವಿಷಕಾರಿಯಾಗುವುದನ್ನು ವಿಕ್ಟರ್ ಫ್ರೀಮನ್ 1951ರಲ್ಲಿ ಕಂಡರು. ಮರುವರ್ಷ ನಾರ್ಟನ್ ಜಿಂಡರ್ ಮತ್ತು ಜೋಶುವಾ ಲೆಡರ್‌ಬರ್ಗ್, ಫೇಜುಗಳು ಒಂದು ಬ್ಯಾಕ್ಟೀರಿಯಾದ ವಂಶವಾಹಿಯನ್ನು ಮತ್ತೊಂದಕ್ಕೆ ಹೊತ್ತೊಯ್ಯುತ್ತವೆಂದು ತೋರಿಸಿದರು.

ಕಾಲರಾದ ಗುಟ್ಟು ಬಯಲಾದದ್ದು 1996ರಲ್ಲಿ. ವಿಷದ ವಂಶವಾಹಿಗಳು ನೂಲಿನೆಳೆಯಂಥ ಫೇಜೊಂದರ ಸೊತ್ತೆಂದು ಮ್ಯಾಥ್ಯೂ ವಾಲ್ಡರ್ ಮತ್ತು ಜಾನ್ ಮೆಕಲಾನೋಸ್ ಕಂಡುಹಿಡಿದರು. ಬ್ಯಾಕ್ಟೀರಿಯಾದ ಮೈಮೇಲಿನ ರೋಮದಂಥ ಎಳೆಗಳನ್ನು ಹಿಡಿದು ಈ ಫೇಜ್ ಒಳಹೊಗುತ್ತದೆ. ಆಶ್ರಯವಿತ್ತ ಜೀವಿಯನ್ನು ಕೊಲ್ಲದೆ ಅದರ ವರ್ಣತಂತುವಿನಲ್ಲೇ ಸೇರಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ಕರುಳಿನಲ್ಲಿ ನೆಲೆಯೂರಲು ಬೇಕಾದದ್ದೂ ಆ ಎಳೆಗಳೇ. ಹಾಗಾಗಿ ರೋಗಕ್ಕೆ ನೆಲೆಯಾದ ಕರುಳೇ ವಿಷವಿದ್ಯೆ ಕೈಬದಲಾಗುವ ತಾಣವೂ ಆಗಬಲ್ಲದು. ಇಲಿಮರಿಗಳ ಕರುಳಿನಲ್ಲಿ ಅದನ್ನು ಪ್ರಯೋಗದಿಂದಲೂ ತೋರಿಸಲಾಯಿತು.

ಡೇ ಇದನ್ನು ಕಾಣಲಿಲ್ಲ, 1985ರಲ್ಲೇ ತೀರಿಕೊಂಡಿದ್ದರು. ಅವರ ಹೆಸರನ್ನು ನೊಬೆಲ್ ಪ್ರಶಸ್ತಿಗೆ ಸೂಚಿಸಿದ್ದವರು ಅದೇ ಲೆಡರ್‌ಬರ್ಗ್. ಪ್ರಶಸ್ತಿ ಬರಲಿಲ್ಲ.

ರೋಗಾಣುಗಳಲ್ಲಿ ಸಾಧು, ದುಷ್ಟ ಎಂಬ ಗೆರೆ ಶಾಶ್ವತವಲ್ಲ ಎಂಬುದೇ ಈ ಚರಿತ್ರೆಯ ಪಾಠ. ಇಂದು ನಿರಪಾಯವಾಗಿರುವುದು ಒಂದು ವೈರಸ್ಸಿನ ಸಹವಾಸದಿಂದ ನಾಳೆ ಮಾರಿಯಾಗಬಹುದು. ಕುಡಿಯುವ ನೀರಿಗೆ ಕೊಳಚೆ ಸೇರದಂತೆ ಕಾಯುವುದು ಇಂದಿಗೂ ಅದಕ್ಕಿರುವ ದೊಡ್ಡ ತಡೆ.