ಸರ್ಚ್ ಎಂಜಿನ್ ಆಪ್ಟಿಮೈಸೇಶನ್

ಗೂಗಲ್, ಬಿಂಗ್ ಮೊದಲಾದ ಸರ್ಚ್ ಎಂಜಿನ್‌ಗಳಲ್ಲಿ ಹುಡುಕುವವರಿಗೆ ಜಾಲತಾಣದ ಪುಟಗಳು ಸುಲಭವಾಗಿ ಸಿಗುವಂತೆ ಅವನ್ನು ಅಣಿಗೊಳಿಸುವ ಕೆಲಸ. ಎಸ್‌ಇಒ ಎಂಬ ಹ್ರಸ್ವರೂಪವೇ ಹೆಚ್ಚು ರೂಢಿಯಲ್ಲಿದೆ. ಹಣ ಕೊಟ್ಟು ಹಾಕಿಸುವ ಜಾಹೀರಾತು ಇದರಲ್ಲಿ ಸೇರುವುದಿಲ್ಲ. ಸಣ್ಣ ಉದ್ದಿಮೆಗಳು ಸಾಮಾನ್ಯವಾಗಿ ಈ ಕೆಲಸವನ್ನು ಐಟಿ ಸಲಹೆಗಾರರಿಗೆ ವಹಿಸುತ್ತವೆ.

ಕಾರ್ಯವಿಧಾನ

ಸರ್ಚ್ ಎಂಜಿನ್‌ನ ಕ್ರಾಲರ್ ಎಂಬ ತಂತ್ರಾಂಶ ಕೊಂಡಿಯಿಂದ ಕೊಂಡಿಗೆ ಸಾಗುತ್ತ ಪುಟಗಳನ್ನು ಓದುತ್ತದೆ. ಓದಿದ್ದು ಸೂಚಿಗೆ ಸೇರುತ್ತದೆ. ಯಾರಾದರೂ ಹುಡುಕಿದಾಗ ಸೂಚಿಯಿಂದ ಆಯ್ದ ಪುಟಗಳು ಒಂದು ಕ್ರಮದಲ್ಲಿ ಕಾಣುತ್ತವೆ. ಕ್ರಾಲರ್ ಎಲ್ಲಿಗೆ ಬರಬಾರದೆಂದು ತಿಳಿಸುವ ರೋಬಾಟ್ಸ್ ಕಡತದ ಪದ್ಧತಿ 1994ರಿಂದ ಇದೆ. ಅದರಲ್ಲಿ ಒಂದು ಸಾಲು ತಪ್ಪಿದರೂ ಇಡೀ ತಾಣಕ್ಕೆ ಕ್ರಾಲರ್ ಬಾರದಂತಾಗಬಹುದು.

ಇತಿಹಾಸ

ಆಲ್ಟಾವಿಸ್ಟಾ (1995) ಕಾಲದ ಸರ್ಚ್ ಎಂಜಿನ್‌ಗಳು ಮುಖ್ಯವಾಗಿ ಪುಟದಲ್ಲಿನ ಪದಗಳನ್ನೇ ನೆಚ್ಚಿದ್ದರಿಂದ ಪದಗಳನ್ನು ತುರುಕುವ ಚಾಳಿ ಬೆಳೆಯಿತು. 1998ರಲ್ಲಿ ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಆರಂಭಿಸಿದ ಗೂಗಲ್, ಇತರ ಪುಟಗಳು ಕೊಡುವ ಕೊಂಡಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಆಗ ಕೊಂಡಿಗಳ ಮಾರಾಟ ಶುರುವಾಯಿತು. 2006ರಲ್ಲಿ ಬಿಎಂಡಬ್ಲ್ಯು ಕಂಪನಿಯ ಜರ್ಮನ್ ತಾಣ ಕ್ರಾಲರ್‌ಗೆ ಒಂದು, ಓದುಗರಿಗೆ ಇನ್ನೊಂದು ಪುಟ ತೋರಿಸಿದ್ದಕ್ಕಾಗಿ ಕೆಲಕಾಲ ಗೂಗಲ್ ಸೂಚಿಯಿಂದ ಹೊರಬಿತ್ತು. ಪುಟಗಳ ಕ್ರಮ ನಿರ್ಧರಿಸುವ ವಿಧಾನದಲ್ಲಿ ಗೂಗಲ್ ತಂದ 2011ರ ಪಾಂಡಾ ಬದಲಾವಣೆ ಸತ್ವವಿಲ್ಲದ ಬರಹವನ್ನೂ 2012ರ ಪೆಂಗ್ವಿನ್ ಕೃತಕ ಕೊಂಡಿಗಳನ್ನೂ ಹಿಂದಕ್ಕೆ ತಳ್ಳಿದವು.

ಕನ್ನಡ ಪುಟಗಳು

ಕನ್ನಡದಲ್ಲಿ ಎಸ್‌ಇಒ ಶುರುವಾಗುವುದು ಅಕ್ಷರಗಳ ಸಂಕೇತದಿಂದ. ಯೂನಿಕೋಡ್ ಎಂಬ ಸಂಕೇತ ವ್ಯವಸ್ಥೆ 1991ರ ಮೊದಲ ಆವೃತ್ತಿಯಲ್ಲೇ ಕನ್ನಡವನ್ನು ಒಳಗೊಂಡಿದ್ದರೂ ಡಿಟಿಪಿ ಕೇಂದ್ರಗಳಲ್ಲಿ ಬಹುಕಾಲ ನಡೆದದ್ದು ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಫಾಂಟ್‌ಗಳು. ಇವು ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತವೆ. ನುಡಿಯ ಹಳೆಯ ಫಾಂಟ್‌ನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿದರೆ ಕಡತದಲ್ಲಿ ಉಳಿಯುವುದು ಪಿ, ಪೌಂಡ್ ಹಣದ ಚಿಹ್ನೆ, ಕ್ಯೂ ಮೊದಲಾದವು ಮತ್ತು ನಡುನಡುವೆ ತಲೆಗೆರೆಯ ಎ. ತೆರೆಯ ಮೇಲೆ ಕನ್ನಡವೇ ಕಂಡರೂ ಕ್ರಾಲರ್ ಪಾಲಿಗೆ ಅದು ಅರ್ಥವಿಲ್ಲದ ಅಕ್ಷರಸಾಲು. ಸೀರೆ ಅಂಗಡಿಯೊಂದರ ಪುಟ ಹೀಗಿದ್ದರೆ ‘ರೇಷ್ಮೆ ಸೀರೆ’ ಎಂದು ಹುಡುಕುವವರಿಗೆ ಅದು ಸಿಗುವ ಸಂಭವ ತೀರ ಕಡಿಮೆ. ಆದ್ದರಿಂದ ಹಳೆಯ ಪುಟಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವುದೇ ಮೊದಲ ಕೆಲಸ; ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತುಗಳು ಸ್ಥಳ ತಪ್ಪುವುದರಿಂದ ಕರಡು ತಿದ್ದಲೇಬೇಕು.

ಯೂನಿಕೋಡ್‌ನಲ್ಲೂ ಸೂಕ್ಷ್ಮಗಳಿವೆ. ‘ಕೋ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ‘ಸಾಫ್ಟ್‌ವೇರ್’ ಎಂಬಲ್ಲಿ ವಕಾರ ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತವೊಂದಿದೆ. ಕೆಲವರು ಅದನ್ನು ಹಾಕುತ್ತಾರೆ, ಕೆಲವರು ಬಿಡುತ್ತಾರೆ. ದೊಡ್ಡ ಸರ್ಚ್ ಎಂಜಿನ್‌ಗಳು ಇಂಥ ವ್ಯತ್ಯಾಸಗಳನ್ನು ಬಹುಮಟ್ಟಿಗೆ ಸರಿದೂಗಿಸಿಕೊಳ್ಳುತ್ತವೆ. ಆದರೆ ಅಂಗಡಿಯ ಸ್ವಂತ ತಾಣದೊಳಗಿನ ಹುಡುಕಾಟದಲ್ಲಿ ಇವನ್ನು ಒಂದುಗೂಡಿಸದಿದ್ದರೆ ಇರುವ ಸರಕೂ ಇಲ್ಲವೆಂದೇ ತೋರುತ್ತದೆ. ಇದರ ಜೊತೆಗೆ ವಿಭಕ್ತಿ ಪ್ರತ್ಯಯಗಳಿಂದ ಊರಿನ ಹೆಸರು ‘ಮೈಸೂರಿನಲ್ಲಿ’, ‘ಮೈಸೂರಿಗೆ’ ಎಂದು ರೂಪ ಬದಲಿಸುತ್ತದೆ. ಕನ್ನಡವನ್ನು ರೋಮನ್ ಲಿಪಿಯಲ್ಲಿ ಟೈಪ್ ಮಾಡಿ ಹುಡುಕುವವರೂ ಇದ್ದಾರೆ. ಹೀಗಾಗಿ ಇಂಗ್ಲಿಷ್ ತಾಣಗಳಿಗೆ ಮಾಡಿದ ಹುಡುಕುಪದಗಳ ಪಟ್ಟಿಯನ್ನು ಅನುವಾದಿಸಿದರೆ ಇಲ್ಲಿ ಸಾಲದು.

ಸಲಹೆಗಾರರ ಪಾತ್ರ

ಉತ್ತಮ ಸಲಹೆಗಾರರು ಮೊದಲು ತಾಣದ ದೋಷಗಳನ್ನು ಪಟ್ಟಿಮಾಡುತ್ತಾರೆ: ಓದಲಾಗದ ಪುಟಗಳು, ಒಂದೇ ಬಗೆಯ ಶೀರ್ಷಿಕೆಗಳು, ಮೊಬೈಲ್‌ನಲ್ಲಿ ನಿಧಾನವಾಗಿ ತೆರೆಯುವುದು, ಮುರಿದ ಕೊಂಡಿಗಳು. ಆಮೇಲೆ ಗ್ರಾಹಕರು ಕೇಳುವ ಪ್ರಶ್ನೆಗಳಿಗೆ ಉತ್ತರವಾಗುವ ಬರಹ ಸಿದ್ಧಪಡಿಸಲು ನೆರವಾಗುತ್ತಾರೆ. ಸ್ಥಳೀಯ ಅಂಗಡಿಗಳಿಗೆ ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ವಿಳಾಸ, ವೇಳೆ, ಫೋಟೋ ಸರಿಯಾಗಿರುವುದು ಬಹುಶಃ ಎಲ್ಲಕ್ಕಿಂತ ಹೆಚ್ಚು ಪ್ರಯೋಜನಕಾರಿ.

ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರೆಂದು ಗೂಗಲ್ಲೇ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಫಲ ಕಾಣಲು ಸಾಮಾನ್ಯವಾಗಿ 4 ತಿಂಗಳಿಂದ 1 ವರ್ಷ ಹಿಡಿಯುತ್ತದೆ ಎಂಬುದು ಅದರ ಅಂದಾಜು. ಒಪ್ಪಂದದಲ್ಲಿ ಮಾಡುವ ಕೆಲಸಗಳ ಪಟ್ಟಿ ಸ್ಪಷ್ಟವಾಗಿರಬೇಕು. ಡೊಮೇನ್ ಮತ್ತು, ತಾಣದ ಹುಡುಕಾಟದ ಅಂಕಿಅಂಶ ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್ ಖಾತೆ ಉದ್ದಿಮೆದಾರರ ಹೆಸರಿನಲ್ಲೇ ಇದ್ದರೆ, ಸಲಹೆಗಾರರು ಬದಲಾದರೂ ತಾಣವೂ ಅದರ ಹುಡುಕಾಟದ ಅಂಕಿಅಂಶಗಳೂ ಕೈಬಿಟ್ಟು ಹೋಗುವುದಿಲ್ಲ.