ಕರುಳು–ಮೂತ್ರಪಿಂಡ ಸಂಬಂಧ

ಕರುಳಿನ ಬ್ಯಾಕ್ಟೀರಿಯಾಗಳ ಚಟುವಟಿಕೆಗೂ ಮೂತ್ರಪಿಂಡದ (ಕಿಡ್ನಿ) ಆರೋಗ್ಯಕ್ಕೂ ಇರುವ ಪರಸ್ಪರ ನಂಟು. ಆಹಾರದ ಪ್ರೋಟೀನಿನಲ್ಲಿರುವ ಟ್ರಿಪ್ಟೊಫ್ಯಾನನ್ನು ಈ ಬ್ಯಾಕ್ಟೀರಿಯಾಗಳು ಇಂಡೋಲ್ ಆಗಿ ಒಡೆಯುತ್ತವೆ. ಯಕೃತ್ತು ಅದನ್ನು ಇಂಡಾಕ್ಸಿಲ್ ಸಲ್ಫೇಟ್ ಆಗಿ ಮಾರ್ಪಡಿಸುತ್ತದೆ. ಕಿಡ್ನಿ ಸೋತಾಗ ಇದು ಮೂತ್ರದಲ್ಲಿ ಹೊರಹೋಗದೆ ರಕ್ತದಲ್ಲಿ ಉಳಿದು ಕಿಡ್ನಿಗೂ ರಕ್ತನಾಳಗಳಿಗೂ ಹಾನಿ ಮಾಡುತ್ತದೆ. ರಕ್ತದ ಆಲ್ಬುಮಿನ್‌ಗೆ ಅಂಟಿಕೊಂಡಿರುವುದರಿಂದ ಡಯಾಲಿಸಿಸ್‌ನಲ್ಲೂ ಪೂರ್ತಿ ಹೋಗದು. ಮಲ ಕರುಳಿನಲ್ಲಿ ಹೆಚ್ಚು ಹೊತ್ತು ನಿಂತರೆ ಬ್ಯಾಕ್ಟೀರಿಯಾಗಳಿಗೆ ಇಂಡೋಲ್ ತಯಾರಿಸಲು ಹೆಚ್ಚು ಸಮಯ ಸಿಗುವುದರಿಂದ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಂಥ ಕಡೆ ಡಯಾಲಿಸಿಸ್‌ಗೆ ಬರುವವರ ಮಲಬದ್ಧತೆಯನ್ನು ಸಣ್ಣ ತೊಂದರೆಯೆಂದು ಕಡೆಗಣಿಸಬಾರದು.

ಶಿವಮೊಗ್ಗ, ಭದ್ರಾವತಿಯ ಅಡುಗೆಮನೆಗಳಲ್ಲಿ ಈ ನಂಟು ಎದ್ದು ಕಾಣುವುದು ಮಳೆಗಾಲದ ಪತ್ರೊಡೆಯಲ್ಲಿ. ಅದಕ್ಕೆ ಬಳಸುವ ಕೆಸುವಿನ ಎಲೆಯಲ್ಲಿ ಆಕ್ಸಲೇಟ್ ಹೇರಳ. ಗಂಟಲು ಕೆರೆಯುವುದು ಅದರ ಸೂಜಿಯಂಥ ಹರಳುಗಳಿಂದ. ಹುಣಸೆಹುಳಿ ಬೆರೆಸಿ ಹಬೆಯಲ್ಲಿ ಚೆನ್ನಾಗಿ ಬೇಯಿಸಿದರೆ ಕೆರೆತ ಇಳಿಯುತ್ತದೆ, ಆಕ್ಸಲೇಟ್ ಪೂರ್ತಿ ಹೋಗದು. ಜತೆಗೆ ಮೊಸರಿದ್ದರೆ ಅದರ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದು ಮಲದೊಂದಿಗೆ ಸಾಗಿಸುತ್ತದೆ. 1985ರಲ್ಲಿ ಹೆಸರು ಪಡೆದ ಆಕ್ಸಲೋಬ್ಯಾಕ್ಟರ್ ಫಾರ್ಮಿಜಿನಿಸ್ ಎಂಬ ಕರುಳುವಾಸಿ ಬ್ಯಾಕ್ಟೀರಿಯಾಕ್ಕೆ ಆಕ್ಸಲೇಟೇ ಆಹಾರ. ರಕ್ತ ಸೇರಿದ ಪಾಲು ಮೂತ್ರದಲ್ಲಿ ಕ್ಯಾಲ್ಸಿಯಂ ಜತೆ ಕೂಡಿ ಕಲ್ಲಾಗಬಹುದು. ಕಲ್ಲಿಗೆಂದು ಕುಡಿಯುವ ಬಾಳೆದಿಂಡಿನ ರಸದಲ್ಲಿ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ಕಾಯಿಲೆ ಮುಂದುವರಿದವರು ವೈದ್ಯರನ್ನು ಕೇಳದೆ ಅದನ್ನು ಕುಡಿಯಬಾರದು.