ಬಲ್ಬಿನ ಬುಡದ ತಾರೀಖು

ಸಿಎಫ್‌ಎಲ್ ಬಲ್ಬು ಮಾರುವಾಗ ಅದರ ಬಿಳಿ ಬುಡದ ಮೇಲೆ ಮಾರ್ಕರ್ ಪೆನ್ನಿನಿಂದ ತಾರೀಖು ಬರೆದು ಕೊಡುವುದು ಉಗರಗೋಳದಲ್ಲಿ ಅಂಗಡಿಕಾರರ ರೂಢಿಯಾಗಿತ್ತು. ದಿನ, ತಿಂಗಳು, ವರ್ಷ. ಪಕ್ಕದಲ್ಲಿ ಅಂಗಡಿಯವನದೊಂದು ಗೀಟು. ವರ್ಷದೊಳಗೆ ಬಲ್ಬು ಹೋದರೆ ಆ ತಾರೀಖೇ ಗ್ಯಾರಂಟಿ, ರಸೀದಿ ಯಾರೂ ಕೇಳುತ್ತಿರಲಿಲ್ಲ. ಹತ್ತು–ಹನ್ನೆರಡು ರೂಪಾಯಿಯ ಗುಂಡು ಬಲ್ಬಿಗೆ ಹೀಗೆ ತಾರೀಖು ಬರೆದವರನ್ನು ನಾನು ಕಂಡಿಲ್ಲ. ಅದು ಉರಿಯುವಷ್ಟು ದಿನ ಉರಿಯಿತು. ಒಳಗಿನ ತಂತಿ ಕಡಿದ ಮೇಲೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ ತಿಪ್ಪೆಗೆ ಒಗೆದರು. 120–150 ರೂಪಾಯಿ ಎಣಿಸಿ ಕೊಟ್ಟು ತಂದ ಬಲ್ಬು ಬಂದಮೇಲೆ ಮಾತ್ರ ಅದರ ಆಯುಷ್ಯವನ್ನು ಊರೇ ಲೆಕ್ಕ ಇಡತೊಡಗಿತು.

ನಾನು ಈ ಊರಲ್ಲಿ ವಾಯರಿಂಗ್ ಕೆಲಸ ಮಾಡಿಕೊಂಡು, ಸಣ್ಣದೊಂದು ಇಲೆಕ್ಟ್ರಿಕ್ ಅಂಗಡಿ ನಡೆಸಿಕೊಂಡು ಬಂದವನು. ತಾರೀಖು ಬರೆದವನೂ ನಾನೇ, ಸತ್ತ ಬಲ್ಬು ಹಿಡಿದು ತಿರುಗಿ ಬಂದವರಿಗೆ ಉತ್ತರ ಕೊಟ್ಟವನೂ ನಾನೇ. ಡಬ್ಬಿಯ ಮೇಲೆ ಅಚ್ಚಾದ ಗಂಟೆಗಳಿಗೂ ನಮ್ಮ ಮನೆಗಳಲ್ಲಿ ಬಲ್ಬು ಬಾಳಿದ ಕಾಲಕ್ಕೂ ಯಾಕೆ ತಾಳೆ ಬೀಳಲಿಲ್ಲ ಎಂಬುದನ್ನು ಬರೆದಿಡಬೇಕು ಅನಿಸಿದ್ದು ಅದಕ್ಕೇ. ಬಲ್ಬಿನ ದೋಷ ಎಂದು ಜನ ಬೈದದ್ದರಲ್ಲಿ ಬಹುಪಾಲು ಬಲ್ಬಿನದಾಗಿರಲಿಲ್ಲ.

ನಮ್ಮ ಬೆಳಗಾವಿ ಜಿಲ್ಲೆಗೆ ಕರೆಂಟು ಹೊಸದೇನಲ್ಲ. ಗೋಕಾಕ ಫಾಲ್ಸಿನ ನೀರಿನಿಂದ 1887ರಲ್ಲೇ ವಿದ್ಯುತ್ ತೆಗೆದರೆಂದು ಜಿಲ್ಲೆಯವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಬೀದಿದೀಪ ಹೊತ್ತಿದ್ದು 1905ರಲ್ಲಿ. ಆದರೆ ಹಳ್ಳಿಯ ಬಡವರ ಮನೆಯಲ್ಲಿ ಚಿಮಣಿ, ಕಂದೀಲು ಹೋಗಿ ಬಲ್ಬು ಬರಲು ಮುಂದೆ ಮುಕ್ಕಾಲು ಶತಮಾನ ಹಿಡಿಯಿತು. 1979–80ರಲ್ಲಿ ಶುರುವಾದ ಭಾಗ್ಯಜ್ಯೋತಿ ಯೋಜನೆಯಲ್ಲಿ ಮನೆಗೆ ಒಂದೇ ಬಲ್ಬು, ಅದೂ 40 ವ್ಯಾಟಿನದು. ಆ ಒಂದನ್ನು ಎಲ್ಲಿ ಕೂಡಿಸಬೇಕು ಎಂಬುದೇ ಮನೆಮಂದಿಗೆಲ್ಲ ದೊಡ್ಡ ವಿಚಾರ. ಪಡಸಾಲೆಗೂ ಅಡಿಗೆಮನೆಗೂ ನಡುವಿನ ಗೋಡೆಯಲ್ಲಿ ಕಿಂಡಿ ಬಿಟ್ಟು ಅಲ್ಲಿ ಹೋಲ್ಡರ್ ಬಿಗಿಯುತ್ತಿದ್ದರು. ಈ ಬದಿಗೆ ಪಾಟಿ ಹಿಡಿದು ಕೂತ ಮಕ್ಕಳು, ಆ ಬದಿಗೆ ರೊಟ್ಟಿ ಬಡಿಯುವ ಅವ್ವ, ಇಬ್ಬರಿಗೂ ಅದೇ ಬೆಳಕು. ಮುಂದೆ ಸಿಎಫ್‌ಎಲ್ ಬಂದಾಗಲೂ ಅದು ಕೂತದ್ದು ಅದೇ ಕಿಂಡಿಯಲ್ಲಿ, ಒಲೆಯ ಹೊಗೆಯೂ ಶಾಖವೂ ನೇರ ತಾಗುವ ಜಾಗದಲ್ಲಿ.

ಟ್ಯೂಬ್‌ಲೈಟನ್ನು ಸುರುಳಿ ಸುತ್ತಿ ಬಲ್ಬಿನ ಹೋಲ್ಡರಿಗೆ ಹಾಕುವ ಹಾಗೆ ಮಾಡುವ, ಅಂದರೆ ಸಿಎಫ್‌ಎಲ್‌ನ, ವಿಚಾರ ಅಮೆರಿಕದ ಎಡ್ವರ್ಡ್ ಹ್ಯಾಮರ್ ಎಂಬ ಎಂಜಿನಿಯರನದು. 1976ರಲ್ಲಿ ಆತ ಅದನ್ನು ಜನರಲ್ ಇಲೆಕ್ಟ್ರಿಕ್ ಕಂಪನಿಯಲ್ಲಿ ಮಾಡಿ ತೋರಿಸಿದ. ಕಾರ್ಖಾನೆ ಹಾಕುವ ಖರ್ಚು ವಿಪರೀತವೆಂದು ಕಂಪನಿ ಅದನ್ನು ತಯಾರಿಸಲಿಲ್ಲ. 1980ರಲ್ಲಿ ಫಿಲಿಪ್ಸ್ ಪೇಟೆಗೆ ಬಿಟ್ಟ ಬಲ್ಬಿನೊಳಗೆ ಕಬ್ಬಿಣದ ಚೋಕು ಇದ್ದುದರಿಂದ ಅದು ಕೈಗೆ ಬಹಳ ಭಾರ. 1985ರಲ್ಲಿ ಓಸ್ರಾಂ ಕಂಪನಿ ಚೋಕಿನ ಬದಲು ಇಲೆಕ್ಟ್ರಾನಿಕ್ ಸರ್ಕಿಟ್ ಹಾಕಿತು. ನಮಗೆ ಬಂದದ್ದು ಆ ಸರ್ಕಿಟ್ಟಿನ ಬಲ್ಬು. ಬೆಂಗಳೂರಿನಲ್ಲಿ ಬೆಸ್ಕಾಂ 2004ರ ಡಿಸೆಂಬರಿನಲ್ಲೇ ಸಿಎಫ್‌ಎಲ್ ಯೋಜನೆ ಹಾಕಿತ್ತು. ಬಲ್ಬಿನ ಹಣವನ್ನು ಕಂತಿನಲ್ಲಿ ಕರೆಂಟ್ ಬಿಲ್ಲಿನ ಜೊತೆ ಕಟ್ಟಬಹುದಿತ್ತು, ಒಂದು ವರ್ಷ ಗ್ಯಾರಂಟಿಯೂ ಇತ್ತು. 2009ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರದ ಬಚತ್ ಲ್ಯಾಂಪ್ ಯೋಜನೆ ಬಂತು: ಹಳೆ ಬಲ್ಬು ಕೊಟ್ಟರೆ 15 ರೂಪಾಯಿಗೆ ಸಿಎಫ್‌ಎಲ್.

ನನ್ನ ಅಂಗಡಿಯಲ್ಲಿ ಮಾತ್ರ ಅದು ಪೂರ್ಣ ಬೆಲೆಗೇ ಹೋಯಿತು. ಕೊಳ್ಳುವವರಿಗೆ ನಾನು ಲೆಕ್ಕ ಬಿಡಿಸಿ ಹೇಳುತ್ತಿದ್ದೆ. 60 ವ್ಯಾಟಿನ ಗುಂಡು ಬಲ್ಬು ದಿನಕ್ಕೆ 5 ತಾಸು ಉರಿದರೆ ತಿಂಗಳಿಗೆ 9 ಯೂನಿಟ್; ಅಷ್ಟೇ ಬೆಳಕಿನ 14 ವ್ಯಾಟಿನ ಸಿಎಫ್‌ಎಲ್‌ಗೆ 2 ಯೂನಿಟ್ ಮೇಲೆ ಚೂರು. ಡಬ್ಬಿಯ ಮೇಲಿನ 6000 ತಾಸನ್ನು ದಿನಕ್ಕೆ 5ರಂತೆ ಭಾಗಿಸಿದರೆ ಮೂರು ವರ್ಷ ಮೂರು ತಿಂಗಳು. ಗುಂಡು ಬಲ್ಬಿಗೆ ಇದ್ದದ್ದು 1000 ತಾಸು ಮಾತ್ರ. ಅದೂ ದೈವಸಂಕಲ್ಪವಲ್ಲ. 1924ರಲ್ಲಿ ಜಗತ್ತಿನ ದೊಡ್ಡ ಬಲ್ಬು ಕಂಪನಿಗಳು ಜಿನೀವಾದಲ್ಲಿ ಕೂಡಿ ‘ಫೀಬಸ್’ ಕೂಟ ಕಟ್ಟಿಕೊಂಡು, ಬಲ್ಬು 1000 ತಾಸಿಗಿಂತ ಹೆಚ್ಚು ಬಾಳಬಾರದೆಂದು ಗೊತ್ತುಮಾಡಿಕೊಂಡಿದ್ದವು. ಹೆಚ್ಚು ಬಾಳುವ ಬಲ್ಬು ಮಾಡಿದ ಕಂಪನಿ ದಂಡ ತೆರಬೇಕಿತ್ತು. ಇದನ್ನು ಓದಿದ ದಿನ ನನಗೆ ನಿಜಕ್ಕೂ ಸಿಟ್ಟು ಬಂದಿತ್ತು. ಎಷ್ಟು ಬಡ ಮನೆಗಳು ಎಷ್ಟು ಸಲ ಬಲ್ಬು ಕೊಂಡಿರಬೇಕು!

“ತಮ್ಮಾ, ಡಬ್ಬಿ ಮ್ಯಾಲ ಆರ್ ಸಾವಿರ ತಾಸು ಅಂತ ಬರದೈತಿ ಅಂದಿ. ಇದು ಆರ್ ತಿಂಗ್ಳೂ ಬರಲಿಲ್ಲ ನೋಡು.”

“ಎಲ್ಲಿ ಹಾಕಿದ್ದಿ ಯವ್ವಾ?”

“ಬಚ್ಚಲದಾಗ.”

ಈ ಉತ್ತರ ನಾನು ಪದೇ ಪದೇ ಕೇಳಿದ್ದು. 6000 ತಾಸು ಎಂದು ಹೇಳುವುದಕ್ಕೆ ಪ್ರಯೋಗಾಲಯದಲ್ಲಿ ಬಲ್ಬನ್ನು 2 ತಾಸು 45 ನಿಮಿಷ ಹಚ್ಚಿ, 15 ನಿಮಿಷ ಆರಿಸಿ, ಮತ್ತೆ ಹಚ್ಚುತ್ತಾರೆ. ಅಂತರರಾಷ್ಟ್ರೀಯ ಮಾನದಂಡ ಇದು. ಹೀಗೆ ಹಚ್ಚಿಟ್ಟ ಬಲ್ಬುಗಳಲ್ಲಿ ಅರ್ಧ ಸತ್ತಾಗ ಎಷ್ಟು ತಾಸು ಆಗಿತ್ತೋ ಅದೇ ಡಬ್ಬಿಯ ಮೇಲಿನ ಅಂಕಿ. ಅಂದರೆ ಅರ್ಧದಷ್ಟು ಬಲ್ಬು ಅದಕ್ಕೂ ಮೊದಲೇ ಹೋಗಿರುತ್ತವೆ ಎಂಬುದು ಆ ಅಂಕಿಯೊಳಗೇ ಇದೆ. ಇನ್ನೊಂದು ಮಾತು: ಹೀಗೆ 6000 ತಾಸು ಉರಿಯುವ ಬಲ್ಬು ಹೊತ್ತಿಕೊಳ್ಳುವುದು ಸುಮಾರು 2200 ಸಲ. ಎಂಟು ಮಂದಿ ಇರುವ ಮನೆಯ ಬಚ್ಚಲಲ್ಲಿ ದಿನಕ್ಕೆ 20 ಸಲ ಸ್ವಿಚ್ ಒತ್ತಿದರೆ ಅಷ್ಟು ಸಲ ಹೊತ್ತುವುದು ನಾಲ್ಕು ತಿಂಗಳೊಳಗೇ ಮುಗಿಯುತ್ತದೆ. ಕೊಳವೆಯ ಎರಡೂ ತುದಿಗೆ ಇರುವ ತಂತಿಸುರುಳಿಗೆ ಒಂದು ಲೇಪ ಇರುತ್ತದೆ. ಪ್ರತಿ ಸಲ ಹೊತ್ತುವಾಗ ಅದು ಚೂರು ಚೂರೇ ಸಿಡಿದು ಗಾಜಿಗೆ ಮೆತ್ತಿಕೊಳ್ಳುತ್ತದೆ. ತುದಿ ಕಪ್ಪಾಗುವುದು ಅದರಿಂದಲೇ. ಲೇಪ ತೀರಿತೆಂದರೆ ಕೊಳವೆ ತೀರಿತು.

ನಮ್ಮೂರ ಹತ್ತಿರದ ಯಲ್ಲಮ್ಮನ ಗುಡ್ಡದ ಅಂಗಡಿಸಾಲಿನಲ್ಲಿ ಇದರ ತದ್ವಿರುದ್ಧ ಕಂಡೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಜಾತ್ರೆಗಳಲ್ಲಿ ಬಳೆ, ಕುಂಕುಮ, ಭಂಡಾರದ ಅಂಗಡಿಗಳ ದೀಪ ಸಂಜೆ ಹೊತ್ತಿದರೆ ಬೆಳಗಿನವರೆಗೂ ಆರುವುದಿಲ್ಲ. ಮೊದಲು ಅಲ್ಲಿ ಉರಿಯುತ್ತಿದ್ದದ್ದು ಸೀಮೆಎಣ್ಣೆಯ ಗ್ಯಾಸ್‌ಬತ್ತಿ. ಅವುಗಳ ಜಾಗಕ್ಕೆ ಸಿಎಫ್‌ಎಲ್ ಬಂದಾಗ, ಒಂದೇ ಸಮನೆ ಉರಿದದ್ದಕ್ಕೋ, ಗುಡ್ಡದ ಮೇಲಿನ ಗಾಳಿಗೆ ಬುಡ ತಂಪಾಗಿದ್ದದ್ದಕ್ಕೋ, ಜಾತ್ರೆಯಿಂದ ಜಾತ್ರೆಗೆ ಅದೇ ಬಲ್ಬು ಮತ್ತೆ ಮತ್ತೆ ಬಂತು. ಮಾರ್ಕರಿನ ತಾರೀಖು ಅಳಿಸಿಹೋದರೂ ಬಲ್ಬು ಉಳಿದದ್ದುಂಟು.

ಇನ್ನು ನಮ್ಮ ಲೈನಿನ ಕಥೆ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದ್ದು 1970ರ ದಶಕದ ಆರಂಭದಲ್ಲಿ. ನಮ್ಮ ಸವದತ್ತಿ ಸೀಮೆಯಲ್ಲಿ ಆಮೇಲೆ ಪಂಪ್‌ಸೆಟ್ಟುಗಳು ಹೆಚ್ಚುತ್ತ ಹೋದವು. ಬಹಳ ವರ್ಷ ಹೊಲದ ಮೋಟಾರಿಗೂ ಮನೆಯ ದೀಪಕ್ಕೂ ಬರುತ್ತಿದ್ದದ್ದು ಒಂದೇ ಲೈನು. ಮೋಟಾರುಗಳೆಲ್ಲ ಓಡುವ ಹೊತ್ತಿಗೆ ಮನೆಯ ವೋಲ್ಟೇಜು ಕುಸಿಯುತ್ತಿತ್ತು. ಗುಂಡು ಬಲ್ಬಾದರೆ ಕೆಂಪಗಾಗಿ ಸುಮ್ಮನೆ ಮಿನುಗುತ್ತಿತ್ತು, ಅದಕ್ಕೆ ಹಾನಿ ಇಲ್ಲ. ಸಿಎಫ್‌ಎಲ್ ಹಾಗಲ್ಲ. ಹೊತ್ತಲು ಹೋಗಿ ಹೊತ್ತದೆ, ಮತ್ತೆ ಮತ್ತೆ ಮಿಟುಕಿ, ಒಂದೇ ಸಂಜೆಯಲ್ಲಿ ತಿಂಗಳ ಸವೆತ ತಂದುಕೊಳ್ಳುತ್ತಿತ್ತು. ಮೋಟಾರುಗಳು ಒಮ್ಮೆಲೇ ನಿಂತರೆ ವೋಲ್ಟೇಜು ಜಿಗಿಯುವುದು. ಅಡ್ಡಮಳೆಯ ಗಾಳಿಗೆ ಕಂಬದ ಮೇಲೆ ನ್ಯೂಟ್ರಲ್ ತಂತಿ ಕಡಿದರಂತೂ ಕೆಲವು ಮನೆಗೆ 230ರ ಬದಲು 400ರ ಹತ್ತಿರ ನುಗ್ಗಿ, ಓಣಿಗೆ ಓಣಿಯೇ ಬಲ್ಬು ಕಳೆದುಕೊಳ್ಳುತ್ತಿತ್ತು. ಮರುದಿನ ಬೆಳಿಗ್ಗೆ ನನ್ನ ಅಂಗಡಿ ಮುಂದೆ ಸಾಲು. ಎಲ್ಲರ ಬಲ್ಬಿನ ಮೇಲೂ ಬೇರೆ ಬೇರೆ ತಾರೀಖು, ಸತ್ತ ದಿನ ಮಾತ್ರ ಒಂದೇ. 2010ರ ಆಸುಪಾಸಿಗೆ ನಿರಂತರ ಜ್ಯೋತಿ ಯೋಜನೆಯಲ್ಲಿ ರಾಜ್ಯದ ಹಳ್ಳಿಗಳಲ್ಲಿ ಮನೆಯ ಲೈನನ್ನೂ ಪಂಪ್‌ಸೆಟ್ಟಿನ ಲೈನನ್ನೂ ಬೇರೆ ಮಾಡತೊಡಗಿದರು. ಸಿಎಫ್‌ಎಲ್‌ನ ಆಯುಷ್ಯಕ್ಕೆ ಯಾವ ಕಂಪನಿಯ ಸುಧಾರಣೆಗಿಂತಲೂ ಹೆಚ್ಚು ಉಪಕಾರ ಮಾಡಿದ್ದು ಇದು ಎಂದು ನಾನು ಗಟ್ಟಿಯಾಗಿ ಹೇಳಬಲ್ಲೆ.

ಸತ್ತ ಬಲ್ಬೆಲ್ಲ ಪೂರ್ತಿ ಸತ್ತಿರುತ್ತಿರಲಿಲ್ಲ. ಎತ್ತು ಗಟ್ಟಿಮುಟ್ಟಾಗಿದ್ದು ಚಕ್ಕಡಿಯ ಅಚ್ಚು ಮುರಿದ ಹಾಗೆ, ಎಷ್ಟೋ ಬಲ್ಬುಗಳಲ್ಲಿ ಕೊಳವೆ ಸರಿಯಿದ್ದು ಬುಡದ ಸರ್ಕಿಟ್ಟು ಹೋಗಿರುತ್ತಿತ್ತು. ಇದರಿಂದ ಒಂದು ಹೊಸ ಕಸುಬೇ ಹುಟ್ಟಿತು. ಸಂತೆಯ ದಿನ ಗೋಣಿತಟ್ಟು ಹಾಸಿ, ಇಸ್ತ್ರಿಯಂತೆ ಕಾದ ಸೋಲ್ಡರಿಂಗ್ ಕಡ್ಡಿ ಹಿಡಿದು ಕೂತು, 20–30 ರೂಪಾಯಿಗೆ ಸಿಎಫ್‌ಎಲ್ ರಿಪೇರಿ ಮಾಡಿಕೊಡುವವರು ಬಂದರು. ನಾನೂ ಕಲಿತೆ. ಕೈಗೆ ಬಂದ ಬಲ್ಬಿನ ತುದಿ ಮೊದಲು ನೋಡುವುದು. ಕಪ್ಪಗಿದ್ದರೆ ಕೊಳವೆಯ ಆಟ ಮುಗಿಯಿತು, ವಾಪಸ್ ಕೊಟ್ಟುಬಿಡುವುದು. ಬೆಳ್ಳಗಿದ್ದರೆ ಬುಡದ ಸಂದಿಗೆ ಸ್ಕ್ರೂಡ್ರೈವರ್ ಇಟ್ಟು ಮೆಲ್ಲಗೆ ಮೀಟುವುದು. ಒಳಗೆ ನಾಲ್ಕು ಡಯೋಡು, ಒಂದು ಸಣ್ಣ ಚೋಕು, 13003 ನಂಬರಿನ ಎರಡು ಟ್ರಾನ್ಸಿಸ್ಟರು, 400 ವೋಲ್ಟಿನ ಒಂದು ಕಂಡೆನ್ಸರು. ತಲೆ ಉಬ್ಬಿದ ಕಂಡೆನ್ಸರು ಕಣ್ಣಿಗೇ ಕಾಣುತ್ತದೆ. ಒಲೆಯ ಪಕ್ಕದ ಕಿಂಡಿಯಿಂದ ಬಂದ ಬಲ್ಬುಗಳಲ್ಲಿ ಹೋಗಿರುತ್ತಿದ್ದದ್ದು ಹೆಚ್ಚಾಗಿ ಅದೇ. ಶಾಖಕ್ಕೆ ಅದರೊಳಗಿನ ದ್ರವ ಒಣಗುತ್ತದೆ. ಮೇಲೆ ಬುಡ, ಕೆಳಗೆ ಕೊಳವೆ ಇರುವಂತೆ ತೂಗುಹಾಕಿದರೆ ಕೊಳವೆಯ ಕಾವೂ ಅದಕ್ಕೇ ಏರುತ್ತದೆ. ಗಾಜಿನ ಬುರುಡೆಯೊಳಗೆ ಮುಚ್ಚಿಟ್ಟರೆ ಇನ್ನೂ ಬೇಗ. ಕೆಲವೇ ರೂಪಾಯಿಯ ಕಂಡೆನ್ಸರು ಹಾಕಿ ಹೊತ್ತಿಸಿ ಕೊಟ್ಟಾಗ ಆ ಮನೆಯವರ ಮುಖದಲ್ಲಿ ಕಾಣುತ್ತಿದ್ದ ಸಂತೋಷ ಹೊಸ ಬಲ್ಬು ಮಾರಿದಾಗ ಎಂದೂ ಕಂಡಿಲ್ಲ. ರಿಪೇರಿ ಮಾಡಿದ ದಿನದ ತಾರೀಖನ್ನೂ ಹಳೆಯದರ ಕೆಳಗೆ ಬರೆಯುತ್ತಿದ್ದೆ.

2015ರ ಡಿಸೆಂಬರಿನಲ್ಲಿ ರಾಜ್ಯದಲ್ಲಿ ‘ಹೊಸ ಬೆಳಕು’ ಯೋಜನೆ ಶುರುವಾಯಿತು. 9 ವ್ಯಾಟಿನ ಎಲ್‌ಇಡಿ 100 ರೂಪಾಯಿಗೆ ಸಿಕ್ಕ ಮೇಲೆ ಸಿಎಫ್‌ಎಲ್ ಕೇಳುವವರು ಉಳಿಯಲಿಲ್ಲ. ಸಂತೆಯ ರಿಪೇರಿಯವರೂ ಬೇರೆ ಕೆಲಸ ಹುಡುಕಿಕೊಂಡರು. ಎಲ್‌ಇಡಿಯ ಡಬ್ಬಿಯ ಮೇಲೆ 25,000 ತಾಸು ಎಂದಿದೆ. ಅದರಲ್ಲೂ ದೀಪದ ಕಾಳಿಗಿಂತ ಮೊದಲು ಹೋಗುವುದು ಬುಡದ ಸರ್ಕಿಟ್ಟೇ, ಕಾರಣ ಅದೇ ಶಾಖ, ಅದೇ ವೋಲ್ಟೇಜು.

ನಮ್ಮೂರ ಸಿಎಫ್‌ಎಲ್ ಬಚ್ಚಲಲ್ಲಿ ಕೆಲವು ತಿಂಗಳು, ಒಲೆಯ ಕಿಂಡಿಯಲ್ಲಿ ಒಂದೆರಡು ವರ್ಷ, ಗಾಳಿಯಾಡುವ ಪಡಸಾಲೆಯಲ್ಲಿ ಡಬ್ಬಿಯ ಮಾತಿನಷ್ಟೋ ಅದಕ್ಕಿಂತ ಹೆಚ್ಚೋ ಬಾಳಿತು. ಬೆಳಕು ಹೋದ ಮೇಲೂ ಅದರಲ್ಲಿ ಉಳಿಯುವುದೊಂದಿದೆ, ಪಾದರಸ. ಒಂದು ಬಲ್ಬಿನಲ್ಲಿ ಸುಮಾರು 5 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ. ಹಳೆಯ ಜ್ವರದ ಕಡ್ಡಿಯಲ್ಲಿ ಇದ್ದದ್ದರ ನೂರನೇ ಒಂದು ಪಾಲು. ಒಂದಕ್ಕೆ ಹೆದರಬೇಕಿಲ್ಲ. ಆದರೆ ನಮ್ಮಲ್ಲಿ ತಿಪ್ಪೆಗೆ ಬಿದ್ದದ್ದು ವರ್ಷಕ್ಕೊಮ್ಮೆ ಹೊಲಕ್ಕೆ ಹೋಗುತ್ತದೆ, ಜೋಳ ಬೆಳೆಯುವ ಮಣ್ಣಿಗೇ ಸೇರುತ್ತದೆ. 2016ರ ಕೇಂದ್ರದ ನಿಯಮಗಳು ಸಿಎಫ್‌ಎಲ್ ಅನ್ನು ಬೇರೆ ಕಸದ ಜೊತೆ ಬೆರೆಸಬಾರದ ಅಪಾಯಕಾರಿ ಕಸವೆಂದೇ ಹೇಳಿದ್ದವು.

ನಿಮ್ಮ ಅಟ್ಟದ ಮೇಲೆ, ದೇವರ ಜಗಲಿಯ ಹಿಂದೆ, ಹಳೆ ಪೆಟ್ಟಿಗೆಯಲ್ಲಿ ಇಂಥ ಬಲ್ಬು ಇನ್ನೂ ಇದ್ದರೆ ಮಕ್ಕಳ ಕೈಗೆ ಆಟಕ್ಕೆ ಕೊಡಬೇಡಿ, ಒಡೆಯಬೇಡಿ, ತಿಪ್ಪೆಗೆ ಹಾಕಬೇಡಿ. ಒಡೆದರೆ ಬಾಗಿಲು ಕಿಟಕಿ ತೆರೆದು ಹತ್ತು ನಿಮಿಷ ಹೊರಗಿರಿ. ಆಮೇಲೆ ಕಸಬರಿಗೆ ಮುಟ್ಟದೆ ರಟ್ಟಿನ ತುಂಡಿನಿಂದ ಚೂರು ಬಳಿದು, ಮುಚ್ಚಳದ ಡಬ್ಬಿಗೆ ಹಾಕಿ. ಒಡೆಯದೆ ಉಳಿದವನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಗ್ರಾಮ ಪಂಚಾಯಿತಿಯ ಕಸದ ಗಾಡಿಯವರಿಗೆ ಬೇರೆಯಾಗಿ ಕೊಡಿ. ಇದಕ್ಕೊಂದು ಬೇರೆ ಡಬ್ಬಿ ಇಡಿಸಿರೆಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.